ಕಪಿಲೆಯ ದಡದ ಕಾಲ್ದಾರಿಗಳು

ಕಲ್ಲಿಕೋಟೆಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ವಯನಾಡಿನ ಘಟ್ಟ ಹತ್ತಿ, ಬಂಡೀಪುರದ ಕಾಡು ಹಾಯ್ದು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ಮುಟ್ಟಿ ಕೊಳ್ಳೇಗಾಲದಲ್ಲಿ ಕೊನೆಗೊಳ್ಳುತ್ತದೆ. ನಂಜನಗೂಡು ಮತ್ತು ನರಸೀಪುರ ಎಂಬ ಎರಡು ನದಿದಂಡೆಯ ಪೇಟೆಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದ ದಾರಿ ಇದು. ಇದಕ್ಕೆ ಸಂಖ್ಯೆ ಬಿದ್ದದ್ದು, ಡಾಂಬರು ಬಿದ್ದದ್ದು ಎಲ್ಲವೂ ಇತ್ತೀಚೆಗೆ. ಟಪಾಲಿನ ಚೀಲ ಹೊತ್ತು ಓಡಿದ ಅಂಚೆಯಾಳುಗಳು, ಪಲ್ಲಕ್ಕಿಗೆ ಹೆಗಲು ಕೊಟ್ಟ ಬೆಸ್ತರು, ಉಪ್ಪು ಹೇರಿದ ಎತ್ತುಗಳ ಹಿಂದೆ ನಡೆದ ವ್ಯಾಪಾರಿಗಳು, ಮಲೆ ಮಹದೇಶ್ವರ ಎಂಬ ಮಾದಪ್ಪನ ಹರಕೆ ಹೊತ್ತ ಒಕ್ಕಲುಗಳು ಇಲ್ಲಿನ ಹಾದಿಗಳನ್ನು ಅದಕ್ಕೂ ಬಹಳ ಮೊದಲೇ ತುಳಿದು ಗಟ್ಟಿ ಮಾಡಿದ್ದರು.

ಹಾದಿಗಳು ಇಲ್ಲಿಯೇ ಬಂದು ಸೇರುವುದಕ್ಕೆ ಕಾರಣ ನೆಲದಲ್ಲಿಯೇ ಇದೆ. ವಯನಾಡಿನಲ್ಲಿ ಹುಟ್ಟುವ ಕಪಿಲೆ ನಂಜನಗೂಡಿನ ಬಳಿ ಕೌಂಡಿನ್ಯಾ ಹೊಳೆಯನ್ನು ಕೂಡಿಕೊಂಡು, ಬಯಲಿನಲ್ಲಿ ಬಳುಕುತ್ತ ಸಾಗಿ, ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ದಕ್ಷಿಣಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅದರಾಚೆ ನೀಲಗಿರಿ. ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಿಂದ ಮೂಡಲಿಗೆ ಮಾದಪ್ಪನ ಎಪ್ಪತ್ತೇಳು ಮಲೆ. ಈ ಬೆಟ್ಟಸಾಲುಗಳ ನಡುವೆ ಮನುಷ್ಯರು, ದನಗಳು ಇಳಿದು ಹತ್ತಲು ಸಾಧ್ಯವಾಗುವ ಸಂದುಗಳು ಕೆಲವೇ: ವಯನಾಡಿನ ದಾರಿ, ಊಟಿಗೆ ಹತ್ತುವ ಸೀಗೂರು ಘಟ್ಟ, ಸತ್ಯಮಂಗಲದ ಕಡೆಗೆ ಇಳಿಯುವ ಗಜ್ಜಲಹಟ್ಟಿ ಕಣಿವೆ, ಕೊಳ್ಳೇಗಾಲದಾಚೆಯ ಕಾವೇರಿಪುರ ಘಟ್ಟ. ಮೈಸೂರು, ಶ್ರೀರಂಗಪಟ್ಟಣಗಳಿಂದ ಈ ಸಂದುಗಳತ್ತ ಹೊರಟವರಿಗೆಲ್ಲ ಮೊದಲು ಎದುರಾಗುವುದು ಹೊಳೆ. ಹೊಳೆಯನ್ನು ಎಲ್ಲಿ ದಾಟಬಹುದೋ ಅಲ್ಲಿ ಜನ ನಿಂತರು, ನೀರು ಇಳಿಯಲಿ ಎಂದು ಕಾದರು, ಮಿಂದರು, ಉಂಡರು, ಮಲಗಿದರು. ದೇವಸ್ಥಾನ, ಛತ್ರ, ಸಂತೆಗಳಿಗೆ ಅಂಥ ಕಡೆ ಜನವನ್ನು ಕರೆಯಬೇಕಾಗಿರಲಿಲ್ಲ.

ಮೈಸೂರು ಸಂಸ್ಥಾನದ ಅಂಚೆಯನ್ನು ಕಟ್ಟಿದ ಚಿಕ್ಕದೇವರಾಜ ಒಡೆಯರು ಈ ದಾರಿಯನ್ನು ಚೆನ್ನಾಗಿ ಬಲ್ಲವರು. ಪಟ್ಟಕ್ಕೆ ಬರುವ ಮುನ್ನ ಅವರು ತಂದೆಯೊಂದಿಗೆ ಬಹುಕಾಲ ಕಳೆದದ್ದು ಗುಂಡ್ಲುಪೇಟೆಗೆ ಹತ್ತಿರದ ಹಂಗಳದಲ್ಲಿ. ಅದು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಊರು, ಇಂದಿಗೂ ನಂಜನಗೂಡಿನಿಂದ ಊಟಿಗೆ ಹೋಗುವವರು ಹಾಯುವ ಊರು. ಅಧಿಕಾರದ ಕೇಂದ್ರವಾದ ಶ್ರೀರಂಗಪಟ್ಟಣದಿಂದ ದೂರ ಇದ್ದವರಿಗೆ ಸುದ್ದಿ ಎಷ್ಟು ತಡವಾಗಿ ಮುಟ್ಟುತ್ತದೆ ಎಂಬುದು ಹೇಳದೆಯೇ ತಿಳಿಯುವ ಸಂಗತಿ. 17ನೇ ಶತಮಾನದ ಕೊನೆಯ ಭಾಗದಲ್ಲಿ ಅವರು ರಾಜ್ಯದ ಉದ್ದಗಲಕ್ಕೂ ಅಂಚೆಯ ವ್ಯವಸ್ಥೆ ನಿಲ್ಲಿಸಿದರು. ಅದು ಬರೀ ಓಲೆ ಸಾಗಿಸುವ ಏರ್ಪಾಡಾಗಿರಲಿಲ್ಲ. ಊರೂರಿನ ಆಗುಹೋಗು, ಅಧಿಕಾರಿಗಳ ನಡತೆ, ಗಡಿಯ ಗುಸುಗುಸು ಎಲ್ಲವನ್ನೂ ಅರಮನೆಗೆ ತಲುಪಿಸುವುದು ಅಂಚೆಯವರ ಕೆಲಸವಾಗಿತ್ತು. ಹೈದರಾಲಿ, ಟಿಪ್ಪು ಕಾಲದಲ್ಲಿ ಈ ಗೂಢಚರ್ಯೆಯ ಮುಖ ಇನ್ನಷ್ಟು ಬಲವಾಯಿತು. ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದ ಮೇಲೂ ದಿವಾನ್ ಪೂರ್ಣಯ್ಯನವರು ಅದನ್ನು ಉಳಿಸಿಕೊಂಡರು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಗುವ ತನಕ, ಎರಡು ಶತಮಾನಕ್ಕೂ ಮಿಕ್ಕಿ, ಮೈಸೂರಿನ ಅಂಚೆ ಮೈಸೂರಿನದೇ ಆಗಿತ್ತು.

ಆ ಅಂಚೆ ನಿಂತದ್ದು ಕಾಲಿನ ಮೇಲೆ. ಒಬ್ಬ ಓಟಗಾರ ಗೊತ್ತುಪಡಿಸಿದ ದೂರ ಓಡಿ, ಮುಂದಿನ ಕಟ್ಟೆಯಲ್ಲಿ ಕಾದಿರುವವನ ಹೆಗಲಿಗೆ ಚೀಲ ದಾಟಿಸುತ್ತಿದ್ದ. ಚೀಲಕ್ಕೆ ವಿಶ್ರಾಂತಿ ಇರಲಿಲ್ಲ, ಆಳಿಗೆ ಮಾತ್ರ ಇತ್ತು. ಗೆಜ್ಜೆ ಕಟ್ಟಿದ ಕೋಲು ಅಥವಾ ಈಟಿ ಅವನ ಗುರುತು. ಭಾರತದಲ್ಲೆಲ್ಲ ಟಪಾಲಿನ ಓಟಗಾರರ ಬರವನ್ನು ಆ ಗೆಜ್ಜೆಯ ದನಿಯೇ ಮುಂದಾಗಿ ಸಾರುತ್ತಿತ್ತು. ದಾರಿಯಲ್ಲಿದ್ದವರು ಸರಿದು ಜಾಗ ಬಿಡುತ್ತಿದ್ದರು, ಮುಂದಿನ ಕಟ್ಟೆಯವನು ಎದ್ದು ಸೊಂಟ ಬಿಗಿಯುತ್ತಿದ್ದ. ಹುಲಿ, ಆನೆಗಳಿದ್ದ ಕಾಡಿನ ಹಾದಿಗಳಲ್ಲಿ ರಾತ್ರಿಯ ಟಪಾಲಿಗೆ ಪಂಜಿನವರು, ತಮಟೆಯವರು ಜೊತೆಯಾಗುವುದಿತ್ತು. ನಂಜನಗೂಡಿನವರೆಗೆ ಬಯಲು, ಹೊಲ, ಊರುಗಳ ಆಸರೆ. ಗುಂಡ್ಲುಪೇಟೆ ದಾಟಿದ ಮೇಲೆ ಕಾಡು. ಒಂದೇ ದಾರಿಯ ಎರಡು ತುದಿಗಳಲ್ಲಿ ಓಡುವವನ ಬದುಕು ಬೇರೆಬೇರೆಯಾಗಿತ್ತು.

ಅದೇ ಕಾಡಿನ ಹಾದಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನಗಳಿಗೆ ಮುಚ್ಚಿರುತ್ತದೆ. ಗಾಡಿಗಳಿಗೆ ಸಿಕ್ಕಿ ಸಾಯುತ್ತಿದ್ದ ಕಾಡುಪ್ರಾಣಿಗಳನ್ನು ಉಳಿಸಲು ಬಂದ ನಿಯಮವಿದು. ಅಂದು ಪ್ರಾಣಿಗಳಿಗೆ ಹೆದರಿ ಪಂಜು ಹಿಡಿದು ಓಡಿದ ದಾರಿಯಲ್ಲಿ ಇಂದು ಪ್ರಾಣಿಗಳಿಗಾಗಿ ಮನುಷ್ಯರು ಗೇಟಿನ ಮುಂದೆ ಬೆಳಗಿನ ತನಕ ಕಾಯುತ್ತಾರೆ.

ಹೊಳೆ ತುಂಬಿದರೆ ಎಂಥ ಓಟಗಾರನೂ ನಿಲ್ಲಲೇಬೇಕು. ಮುಂಗಾರು ವಯನಾಡಿನಲ್ಲಿ ಸುರಿದರೆ ಕಪಿಲೆ ನಂಜನಗೂಡಿನಲ್ಲಿ ಉಬ್ಬುತ್ತಾಳೆ. ಇಲ್ಲಿ ಮಳೆ ಬರಲೇಬೇಕೆಂದಿಲ್ಲ. ಹರಿಗೋಲು ಆಗ ಕೆಲಸಕ್ಕೆ ಬಾರದು. ಈ ತಡೆಯನ್ನು ಮುರಿದದ್ದು 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಕಟ್ಟಿಸಿದವರು ದಳವಾಯಿ ದೇವರಾಜಯ್ಯ. ನಂಜನಗೂಡಿಗೆ ಅಂಟಿಕೊಂಡಂತಿರುವ ಕಳಲೆಯ ಮನೆತನದವರು ಅವರು. ಅರಸರ ಹೆಸರಿನಲ್ಲಿ ಮೈಸೂರನ್ನು ವಾಸ್ತವದಲ್ಲಿ ಆಳುತ್ತಿದ್ದ ಕಾಲದಲ್ಲಿ ಈ ದಳವಾಯಿ ಮನೆತನ ತನ್ನ ಸೀಮೆಯ ಹೊಳೆಗೆ ಸೇತುವೆ ಕೊಟ್ಟಿತು. ತಗ್ಗಾದ, ಒತ್ತೊತ್ತಾದ ಕಮಾನುಗಳ ಆ ಸೇತುವೆ ಮೇಲೆ ಕಾಲ್ನಡೆಯವರು, ಎತ್ತಿನ ಗಾಡಿ, ಸೈನ್ಯ ಎಲ್ಲವೂ ನಡೆದವು. ಮುಂದೆ ಅದೇ ಸೇತುವೆಯ ಒಂದು ಪಕ್ಕದಲ್ಲಿ ರೈಲು ಹಳಿ ಹಾಕಿದರು. ಈ ಶತಮಾನದ ಮೊದಲ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಗುವ ತನಕ ಮೀಟರ್‌ಗೇಜ್ ರೈಲು ದಳವಾಯಿಯ ಕಲ್ಲಿನ ಮೇಲೆಯೇ ಹೊಳೆ ದಾಟುತ್ತಿತ್ತು. ಕಾಲಾಳಿಗೆಂದು, ಗಾಡಿಗೆಂದು ಕಟ್ಟಿದ ಸೇತುವೆಯೊಂದು ರೈಲಿನ ಭಾರವನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಹೊತ್ತದ್ದು ಅದನ್ನು ಕಟ್ಟಿದ ಕಲ್ಲುಕುಟಿಗರ ಕೈಗೆ ಸಲ್ಲಬೇಕಾದ ಗೌರವ. ಅವರ ಹೆಸರುಗಳು ಯಾವ ಶಾಸನದಿಂದಲೂ ಜನರ ನಾಲಿಗೆಗೆ ಬಂದಿಲ್ಲ.

ಎಲ್ಲರಿಗೂ ತೆರೆದ ದಾರಿ ಸೈನ್ಯಕ್ಕೂ ತೆರೆದಿರುತ್ತದೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ತನ್ನ ಸೈನ್ಯದೊಂದಿಗೆ ಗಜ್ಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಪಡೆಯ ಮೇಲೆ ಬಿದ್ದ. ಮೂರನೇ ಮೈಸೂರು ಯುದ್ಧದ ಮೊದಲ ದೊಡ್ಡ ಹೊಡೆತ ಅದು. ನಂಜನಗೂಡಿಗೂ ಟಿಪ್ಪುವಿಗೂ ಇನ್ನೊಂದು ನಂಟನ್ನು ಜನ ಹೇಳುತ್ತಾರೆ. ಅವನ ಪಟ್ಟದ ಆನೆಗೆ ಕಣ್ಣು ಬಂದದ್ದು ಶ್ರೀಕಂಠೇಶ್ವರನ ಕೃಪೆಯಿಂದ ಎಂಬ ನಂಬಿಕೆ, ಆ ಕೃತಜ್ಞತೆಗೆ ಅವನು ಕೊಟ್ಟನೆನ್ನುವ ಪಚ್ಚೆಯ ಲಿಂಗ, ‘ಹಕೀಂ ನಂಜುಂಡ’ ಎಂಬ ಹೆಸರು ಇವೆಲ್ಲ ಊರಿನ ಬಾಯಲ್ಲಿ ಇಂದಿಗೂ ಇವೆ.

ಟಿಪ್ಪು ಬಿದ್ದ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆ ಸುತ್ತತೊಡಗಿದ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ನೋಡಿಕೊಂಡು ತಾಯೂರು, ನರಸೀಪುರ, ಮಾಳಂಗಿ, ಸತ್ತೇಗಾಲಗಳ ಮೂಲಕ ಸಾಗಿ ಘಟ್ಟ ಇಳಿದ. ಪ್ರತಿ ತಂಗುದಾಣದಲ್ಲಿ ರೈತರನ್ನು ಕೂರಿಸಿಕೊಂಡು ಯಾವ ಬೆಳೆ, ಎಷ್ಟು ಬೀಜ, ಎಷ್ಟು ಕಂದಾಯ, ಯಾವ ಕೆರೆ ಒಡೆದಿದೆ ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಬರಹ ದಿನಕ್ಕೊಂದು ಊರಿನಂತೆ ಸಾಗುತ್ತದೆ. ಹಾಗೆ ಸಾಗಿದ್ದರಿಂದಲೇ ಸೀಮೆಯ ಸಣ್ಣ ಊರುಗಳೂ ಪುಸ್ತಕದೊಳಗೆ ಬಂದವು.

1820ರ ದಶಕದಿಂದ ಜಾನ್ ಸಲಿವನ್ ಊಟಿಯನ್ನು ಬೆಳೆಸತೊಡಗಿದ ಮೇಲೆ ಮೈಸೂರಿನಿಂದ ನೀಲಗಿರಿಗೆ ಹೋಗುವ ಬಿಳಿಯರ ಸಂಖ್ಯೆ ಹೆಚ್ಚಿತು. ಅವರು ನಡೆಯುತ್ತಿರಲಿಲ್ಲ. 1834ರಲ್ಲಿ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಮದ್ರಾಸಿಗೆ ಬಂದಿಳಿದಾಗ ಗವರ್ನರ್ ಜನರಲ್ ಬೆಂಟಿಂಕ್ ಊಟಿಯಲ್ಲಿದ್ದ. ಮೆಕಾಲೆ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮಾರ್ಗವಾಗಿ ಕಾಡು ಹಾಯ್ದು ಬೆಟ್ಟ ಹತ್ತಿದ. ಸುಮಾರು 400 ಮೈಲಿಯನ್ನೂ ಮನುಷ್ಯರ ಹೆಗಲ ಮೇಲೆಯೇ ಪ್ರಯಾಣ ಮಾಡಿದೆನೆಂದು ತಾನೇ ಬರೆದಿದ್ದಾನೆ. ಮರುವರ್ಷ ಭಾರತದ ಶಿಕ್ಷಣದ ಬಗ್ಗೆ ಅವನು ಬರೆದ ಟಿಪ್ಪಣಿ ಎಲ್ಲರಿಗೂ ಗೊತ್ತು. ಅವನನ್ನು ಹೊತ್ತವರ ವಿಷಯ ಯಾರೂ ಬರೆಯಲಿಲ್ಲ. ಹಳೆಯ ಮೈಸೂರಿನಲ್ಲಿ ಪಲ್ಲಕ್ಕಿ ಹೊರುವುದು ಬೆಸ್ತರ ಕಸುಬುಗಳಲ್ಲಿ ಒಂದು. ಹೊಳೆಯಲ್ಲಿ ಮೀನು ಹಿಡಿದು, ಹರಿಗೋಲು ಹಾಕಿ ಬದುಕುತ್ತಿದ್ದ ಜನವೇ ನೆಲದ ಮೇಲೆ ಹೆಗಲು ಕೊಟ್ಟು ಓಡುತ್ತಿದ್ದರು. ಹೆಜ್ಜೆ ತಪ್ಪದಂತೆ ಹಾಡುತ್ತ, ಸರದಿಯಂತೆ ಹೆಗಲು ಬದಲಿಸುತ್ತ, ಕಲ್ಲು ಬಂದರೆ ಮುಂದಿನವನು ಹಿಂದಿನವನಿಗೆ ಕೂಗಿ ಹೇಳುತ್ತ ಸಾಗುವ ಕಸುಬು ಅದು. ಹೊಳೆ, ದಾರಿ ಎರಡನ್ನೂ ಅಂಗಾಲಿನಿಂದ ಬಲ್ಲವರು ಈ ಸೀಮೆಯಲ್ಲಿ ಅವರಷ್ಟು ಮಂದಿ ಇರಲಿಲ್ಲ.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ಮುಂದಕ್ಕೆ ಚಾಮರಾಜನಗರದ ತನಕ ಹಳಿ ಬೆಳೆದದ್ದು 1926ರಲ್ಲಿ. ನಡುವಿನ ಮೂವತ್ತೈದು ವರ್ಷ ನಂಜನಗೂಡು ರೈಲಿನ ಕೊನೆಯ ಊರು. ದಕ್ಷಿಣಕ್ಕೆ ಹೋಗಬೇಕಾದವರೆಲ್ಲ ಇಲ್ಲಿ ಇಳಿದು ಎತ್ತಿನ ಗಾಡಿ ಹಿಡಿಯಬೇಕಿತ್ತು, ಇಲ್ಲವೇ ನಡೆಯಬೇಕಿತ್ತು. ರೈಲು ಕಾಲ್ನಡೆಯನ್ನು ಒಮ್ಮೆಗೇ ಕೊಲ್ಲಲಿಲ್ಲ. ಬಹುಕಾಲ ಅದು ನಡಿಗೆಯ ಆರಂಭದ ಜಾಗವನ್ನು ಮಾತ್ರ ಬದಲಿಸಿತು. ಅಂಚೆಯ ಓಟಗಾರನಿಗೆ, ಪಲ್ಲಕ್ಕಿಯ ಬೆಸ್ತನಿಗೆ ಕೆಲಸ ತಪ್ಪಿದ್ದು ಹೀಗೆ ಮೆಲ್ಲಮೆಲ್ಲನೆ, ರೈಲು, ಮೋಟಾರು ಒಂದೊಂದೇ ಊರನ್ನು ಮುಟ್ಟುತ್ತ ಹೋದಂತೆ.

ಹೀಗೆ ಬೇರೆಯವರಿಗಾಗಿ ಓಡುತ್ತಿದ್ದವರು ದಾರಿಯಿಂದ ಮರೆಯಾದರು. ಸ್ವಂತ ಹರಕೆಗಾಗಿ ನಡೆಯುವವರು ಮಾತ್ರ ಮರೆಯಾಗಲಿಲ್ಲ. ಬಸ್ಸು, ರೈಲು, ಕಾರು ಎಲ್ಲವೂ ಇರುವ ಈ ಸೀಮೆಯಲ್ಲಿ ಕಾಲ್ನಡೆಯ ಪರಂಪರೆ ಇಷ್ಟು ಗಟ್ಟಿಯಾಗಿ ಉಳಿದಿದ್ದರೆ ಅದಕ್ಕೆ ಕಾರಣ ಈ ಜನ. ಇತಿಹಾಸದ ಪುಸ್ತಕಗಳು ಸೇತುವೆಗೆ, ಯುದ್ಧಕ್ಕೆ, ಸಾಹೇಬರ ಪ್ರವಾಸಕ್ಕೆ ಕೊಟ್ಟ ಪುಟಗಳನ್ನು ಇವರಿಗೆ ಕೊಟ್ಟಿಲ್ಲ. ಕೊಡಬೇಕಿತ್ತು.

ನಂಜನಗೂಡಿನ ದೇವಸ್ಥಾನದ ಗೋಪುರ ಸುಮಾರು 120 ಅಡಿ ಎತ್ತರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿಯವರು ಅದನ್ನು ಕಟ್ಟಿಸಿದ್ದು 1845ರಲ್ಲಿ. ಬಯಲುಸೀಮೆಯಲ್ಲಿ ನಡೆದು ಬರುವವರಿಗೆ ಊರು ಇನ್ನೂ ದೂರವಿರುವಾಗಲೇ ಅದರ ಏಳು ಕಳಸಗಳು ಕಣ್ಣಿಗೆ ಬೀಳುತ್ತವೆ. ಬಂದವರು ಕಪಿಲೆಯಲ್ಲಿ ಮುಳುಗಿ, ಮುಡಿ ಕೊಟ್ಟು, ಉರುಳುಸೇವೆ ಮಾಡುತ್ತಾರೆ. ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಒಂದೇ ಬೆಳಗ್ಗೆ ರಥಬೀದಿಯನ್ನು ಸುತ್ತುತ್ತವೆ. ಗೌತಮ ರಥ ಅವುಗಳಲ್ಲಿ ದೊಡ್ಡದು. ಆ ಸುತ್ತು ಪೂರ್ತಿ ಸಾವಿರಾರು ಜನರ ಕಾಲಿನ ಬಲದ್ದು. ತೇರು ಎಳೆದು ಸುತ್ತು ಬರುವಷ್ಟು ಅಗಲ ಬಿಟ್ಟುಕೊಂಡು ಮನೆ, ಅಂಗಡಿಗಳು ಸಾಲಾಗಿ ನಿಂತಿರುವುದನ್ನು ನೋಡಿದರೆ ಈ ಪೇಟೆಯ ನಕ್ಷೆಯನ್ನು ಬರೆದದ್ದು ತೇರೇ ಎನ್ನಬಹುದು.

ಕಪಿಲೆಯ ಇನ್ನೊಂದು ತುದಿ ತಿರುಮಕೂಡಲು ನರಸೀಪುರ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಕೂಡುವ ತ್ರಿವೇಣಿ ಎಂಬುದು ನಂಬಿಕೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರ. ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ಸೇರುತ್ತದೆ. ಇತ್ತೀಚಿನದು 2025ರ ಫೆಬ್ರವರಿಯಲ್ಲಿ ನಡೆಯಿತು. ಊರಿನಿಂದ ಉತ್ತರಕ್ಕೆ ನಡೆದರೆ 13ನೇ ಶತಮಾನದಲ್ಲಿ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯ. ಹೊಳೆ ಹಿಡಿದು ಕೆಳಕ್ಕೆ ಹೋದರೆ ಗಂಗರ ರಾಜಧಾನಿಯಾಗಿದ್ದ ತಲಕಾಡು.

ಈ ಸೀಮೆಯ ಅತಿ ಕಠಿಣ ಕಾಲ್ದಾರಿ ತಲಕಾಡಿನ ಪಂಚಲಿಂಗ ದರ್ಶನ. ಕಾರ್ತಿಕದ ಸೋಮವಾರಕ್ಕೆ ಅಮಾವಾಸ್ಯೆ, ನಕ್ಷತ್ರಗಳು ಕೂಡಿಬಂದಾಗ ಮಾತ್ರ, ಅಂದರೆ ಎಷ್ಟೋ ವರ್ಷಕ್ಕೊಮ್ಮೆ, ಅದು ನಡೆಯುತ್ತದೆ. 2013ರ ನಂತರ ಬಂದದ್ದು 2020ರ ಡಿಸೆಂಬರ್ 14ರಂದು, ಕೋವಿಡ್ ನಿರ್ಬಂಧಗಳ ನಡುವೆ. ಗೋಕರ್ಣ ತೀರ್ಥದಲ್ಲಿ ಮಿಂದು, ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರರನ್ನು ನೋಡಿ, ಮುಡುಕುತೊರೆಯ ಬೆಟ್ಟ ಹತ್ತಿ ಮಲ್ಲಿಕಾರ್ಜುನನನ್ನು ಕಾಣಬೇಕು. ಐದನ್ನೂ ಒಂದೇ ದಿನದಲ್ಲಿ ಮುಗಿಸಬೇಕು. ದಾರಿಯ ಬಹುಪಾಲು ಮರಳು. ಹೆಜ್ಜೆ ಇಟ್ಟಷ್ಟೂ ಕಾಲು ಹೂತು ಹಿಂದಕ್ಕೆ ಜಾರುತ್ತದೆ. ನಾಲ್ಕು ಮೈಲಿಯ ದಣಿವನ್ನು ಒಂದು ಮೈಲಿಯಲ್ಲಿ ಕೊಡುವ ನೆಲ. 1117ರಲ್ಲಿ ಚೋಳರ ಮೇಲಿನ ಗೆಲುವಿಗೆ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವೂ ಈ ಮರಳಿನ ನಡುವೆಯೇ ಇದೆ.

ಆದರೂ ನಡಿಗೆಯ ದೊಡ್ಡ ಕಥೆ ಮಾದಪ್ಪನದು. ಜನಪದ ಮಹಾಕಾವ್ಯದಲ್ಲಿ ಮಹದೇಶ್ವರ ಮೂಲತಃ ನಡೆಯುವ ದೇವರು. ಉತ್ತರದಿಂದ ಬಂದವನು ಕಪಿಲೆಯ ದಡದ ಸುತ್ತೂರು ಮಠದಲ್ಲಿ ರಾಗಿ ಬೀಸಿದ, ಅಲ್ಲಿಂದ ಕುಂತೂರು ಮಠಕ್ಕೆ ಹೋದ, ಮುಂದೆ ಎಪ್ಪತ್ತೇಳು ಮಲೆಯ ಕಡೆ ಸಾಗಿದ ಎಂದು ಕಂಸಾಳೆಯವರು ಇರುಳೆಲ್ಲ ಹಾಡುತ್ತಾರೆ. ಕಾವ್ಯದ ಊರುಗಳನ್ನು ನೆಲದ ಮೇಲೆ ಜೋಡಿಸಿದರೆ ಅದು ನಂಜನಗೂಡು, ನರಸೀಪುರ, ಕೊಳ್ಳೇಗಾಲ ಸೀಮೆಯ ಹಳೆಯ ಹಾದಿಯೇ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂದರೆ ಮೈಸೂರು, ಮಂಡ್ಯ ಕಡೆಯ ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಮಾದಪ್ಪನ ಬೆಟ್ಟಕ್ಕೆ ಹೊರಡುತ್ತಾರೆ. ಮೈಸೂರಿನಿಂದ ಬೆಟ್ಟ ಸುಮಾರು 150 ಕಿಲೋಮೀಟರ್. ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟ ಸೇರಿದರೆ ಅಲ್ಲಿಂದ ಏರುವ ಕಾಡಿನ ಹಾದಿ. ಆನೆತಲೆದಿಂಬದಂಥ ಏರುಗಳಲ್ಲಿ ಒಬ್ಬ ‘ಉಘೇ’ ಎಂದರೆ ಹಿಂದಿನಿಂದ ನೂರು ದನಿ ‘ಉಘೇ ಮಾದಪ್ಪ’ ಎನ್ನುತ್ತದೆ. ದಾರಿಯ ಊರುಗಳವರು ಅರವಟಿಗೆ ಹಾಕಿ ಮಜ್ಜಿಗೆ, ಪಾನಕ, ಅನ್ನ ಕೊಡುತ್ತಾರೆ. ಕೊಡುವವರೂ ಅದನ್ನು ಹರಕೆ ಎಂದೇ ತಿಳಿದಿದ್ದಾರೆ. ದೀಪಾವಳಿಯಲ್ಲಿ ಬೆಟ್ಟದ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಬರಿಗಾಲಿನಲ್ಲಿ ಕಾಡಿನ ಹಳ್ಳಕ್ಕೆ ಹೋಗಿ ಕಳಶಗಳಲ್ಲಿ ನೀರು ಹೊತ್ತು ತರುವ ಹಾಲರವಿ ಉತ್ಸವವೂ ನಡಿಗೆಯದೇ ಸೇವೆ.

ಪಕ್ಕದ ಬಿಳಿಗಿರಿಯಲ್ಲಿ ದೇವರಿಗೇ ಚಪ್ಪಲಿ ಬೇಕು. ರಂಗನಾಥ ಇರುಳಲ್ಲಿ ಕಾಡು ಸುತ್ತುತ್ತಾನೆ, ಮೆಟ್ಟು ಸವೆಯುತ್ತವೆ ಎಂಬ ನಂಬಿಕೆಯಂತೆ ಚರ್ಮದ ಕಸುಬಿನವರು ದೊಡ್ಡ ಚಪ್ಪಲಿ ಹೊಲಿದು ಎರಡು ವರ್ಷಕ್ಕೊಮ್ಮೆ ಅರ್ಪಿಸುತ್ತಾರೆ. ಬೆಟ್ಟದ ಸೋಲಿಗರು ಆ ರಂಗನನ್ನು ತಮ್ಮ ಭಾವ ಎಂದು ಕರೆಯುತ್ತಾರೆ. ಅವರ ಹುಡುಗಿ ಕುಸುಮಾಲೆಯನ್ನು ಅವನು ಮದುವೆಯಾದನಂತೆ.

ಎಲ್ಲ ದಾರಿಯೂ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಈ ಸೀಮೆಯ ಚರಿತ್ರೆ ಹೇಳಬೇಕು. ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿಯ ಊರು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಗುಡಿಯ ಹೊಸ್ತಿಲ ತನಕದ ನಾಲ್ಕು ಹೆಜ್ಜೆ ಕೆಲವರಿಗೆ ಪ್ರಾಣಕ್ಕೆ ಎರವಾಗುವಷ್ಟು ದೂರವಿತ್ತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ ಇದೇ ಬದನವಾಳಿನಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆದಾಗ ಹಲವು ದಿಕ್ಕುಗಳಿಂದ ಜನ ಪಾದಯಾತ್ರೆಯಲ್ಲಿ ಬಂದು ಸೇರಿದರು. ಅದಕ್ಕೆ ಈ ಊರನ್ನೇ ಆರಿಸಿಕೊಂಡದ್ದು ಸರಿಯಾಗಿತ್ತು.

ಇಂದಿನ ಹೆದ್ದಾರಿಗೆ ನಡೆಯುವವರ ಪರಿಚಯವೇ ಇಲ್ಲ. ಲಾರಿ, ಬಸ್ಸುಗಳ ಓಟಕ್ಕೆ ಅಳೆದು ಹಾಕಿದ ರಸ್ತೆಯಲ್ಲಿ ಪಾದಯಾತ್ರಿಗಳು ಬಿಳಿ ಗೆರೆಯ ಹೊರಗೆ, ಕತ್ತಲಲ್ಲಿ, ಜಲ್ಲಿಯ ಮೇಲೆ ಹೆಜ್ಜೆ ಹಾಕುತ್ತಾರೆ. ಹೊಳೆಯೂ ತನ್ನ ಹಳೆಯ ಹಕ್ಕನ್ನು ಬಿಟ್ಟಿಲ್ಲ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿದಾಗ ಮಲ್ಲನಮೂಲೆ ಮಠದ ಬಳಿ ನೀರು ಬಂದು ಮೈಸೂರು–ನಂಜನಗೂಡು ರಸ್ತೆ ಮುಚ್ಚಬೇಕಾಯಿತು. ರಸ್ತೆ ಅಗಲ ಮಾಡುವಾಗ ಈ ಎರಡು ಹಳೆಯ ಸಂಗತಿಗಳನ್ನು, ಹೊಳೆಯ ಪಾತಳಿಯನ್ನು ಮತ್ತು ನಡೆಯುವವರ ಕಾಲನ್ನು, ಲೆಕ್ಕಕ್ಕೆ ಹಿಡಿಯುವುದು ಕಷ್ಟವೇನಲ್ಲ. ನರಸೀಪುರದಿಂದ ಕೊಳ್ಳೇಗಾಲದ ಕಡೆಗೆ ರಸ್ತೆಯ ಒಂದು ಬದಿಗೆ ಮಣ್ಣಿನ ಕಾಲುಹಾದಿ, ಅದರ ಪಕ್ಕ ಹೊಂಗೆ, ಬೇವಿನ ಸಾಲು, ಕೆಲವು ಮೈಲಿಗೊಂದು ಕುಡಿಯುವ ನೀರು, ಮಲಗಲು ಚಾವಣಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇದ್ದರೆ ಸಾಕು. ಯಾತ್ರಿಗಳು ಯಾವ ದಿನ ಹೊರಡುತ್ತಾರೆ, ಯಾವ ರಾತ್ರಿ ಎಲ್ಲಿ ತಂಗುತ್ತಾರೆ ಎಂಬುದನ್ನು ಪಂಚಾಂಗವೂ ದಾರಿಯ ಊರುಗಳೂ ವರ್ಷ ಮೊದಲೇ ಹೇಳಬಲ್ಲವು. ಮುಂದಿನ ಶಿವರಾತ್ರಿಗೆ ಮೊದಲೇ ಇಂಥ ಒಂದು ಹಾದಿಯ ಕೆಲಸ ಶುರುಮಾಡಲು ಬೇಕಾದ ನಕ್ಷೆ ಈ ಊರುಗಳ ಹಿರಿಯರ ನೆನಪಿನಲ್ಲಿ, ಕಂಸಾಳೆಯವರ ಹಾಡಿನಲ್ಲಿ ಸಿದ್ಧವಾಗಿದೆ.